ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್ ಕಾರಿಗೆ: ಮೊದಲು ಪ್ಲಗ್ಗು, ಆಮೇಲೆ ಕಾರು

"ಎಲೆಕ್ಟ್ರಿಕ್ ಕಾರು ತಗೊಳ್ಳಬೇಕು ಅಂತಿದ್ದೇನೆ, ಯಾವುದು ಒಳ್ಳೆಯದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ? ಪೆಟ್ರೋಲ್ ಕಾರಿನವರು ಇದನ್ನು ಯೋಚಿಸಬೇಕಾಗಿಯೇ ಇರಲಿಲ್ಲ. ಎಲೆಕ್ಟ್ರಿಕ್ ಕಾರಿಗೆ ನಿಂತ ಜಾಗವೇ ಬಂಕು. ಆ ಜಾಗ ಸರಿಯಾಗಿದ್ದರೆ ಸಾಧಾರಣ ಕಾರೂ ನೆಮ್ಮದಿ ಕೊಡುತ್ತದೆ. ಸರಿಯಿಲ್ಲದಿದ್ದರೆ ಎಂಥ ದುಬಾರಿ ಕಾರೂ ತಲೆನೋವೇ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕಾರಿನ ಆಯ್ಕೆ ನಾಲ್ಕನೇ ಹಂತದಲ್ಲಿ ಬರುತ್ತದೆ.

ತೈಲದ ಅವಲಂಬನೆಯ ಬಗ್ಗೆ ಒಂದು ಮಾತು. ಜಗತ್ತು ಬಳಸುವ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಸಾರಿಗೆಗೇ ಹೋಗುತ್ತದೆ. ಸುಮಾರು ಐದನೇ ಒಂದು ಭಾಗ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಜಲಸಂಧಿ ಎಂಬ ಒಂದೇ ಕಿರಿದಾದ ದಾರಿಯಲ್ಲಿ ಹಾದು ಬರಬೇಕು. 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಿನಷ್ಟಾಯಿತು. ವಿದ್ಯುತ್ತಿನ ಕಥೆ ಬೇರೆ. ಅದನ್ನು ಕಲ್ಲಿದ್ದಲು, ನೀರು, ಗಾಳಿ, ಬಿಸಿಲು, ಅನಿಲ, ಅಣು ಹೀಗೆ ಹತ್ತು ಮೂಲಗಳಿಂದ ಮಾಡಬಹುದು. ಜಗತ್ತಿನ ವಿದ್ಯುತ್ತಿನಲ್ಲಿ ತೈಲದಿಂದ ಬರುವುದು ಶೇ. 3ರ ಆಸುಪಾಸು ಮಾತ್ರ. ಡೀಸೆಲ್ ಜನರೇಟರ್ ನಂಬಿಕೊಂಡ ದ್ವೀಪಗಳನ್ನು ಬಿಟ್ಟರೆ, ಕಾರನ್ನು ಪ್ಲಗ್ಗಿಗೆ ಹಾಕಿದ ಕೂಡಲೇ ಅದು ತೈಲದ ಹಂಗಿನಿಂದ ಬಹುಪಾಲು ಹೊರಬಂದಂತೆ.

ಮುಂದೆ ಪದೇಪದೇ ಬರುವ ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಕಿಲೋವ್ಯಾಟ್ ಎಂದರೆ ಕರೆಂಟು ಹರಿಯುವ ವೇಗ, ನಲ್ಲಿಯಲ್ಲಿ ನೀರು ಬರುವ ರಭಸದ ಹಾಗೆ. ಯೂನಿಟ್ ಎಂದರೆ ಕಿಲೋವ್ಯಾಟ್ ಅವರ್, ಬಕೆಟ್ಟಿನಲ್ಲಿ ತುಂಬಿದ ನೀರಿನ ಹಾಗೆ. 7 ಕಿಲೋವ್ಯಾಟ್ ಚಾರ್ಜರ್ ಒಂದು ಗಂಟೆ ನಡೆದರೆ 7 ಯೂನಿಟ್. ಬ್ಯಾಟರಿಯ ಗಾತ್ರವನ್ನೂ ಯೂನಿಟ್‌ನಲ್ಲೇ ಹೇಳುತ್ತಾರೆ.

ಹಂತ 1: ಓಡಾಟ ಅಳೆಯಿರಿ

ಎರಡು ವಾರ ಒಂದು ಪುಸ್ತಕ ಇಡಿ. ಪ್ರತಿದಿನ ಎಷ್ಟು ಕಿಲೋಮೀಟರ್, ಕಾರು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತ್ತು, ಇಷ್ಟು ಬರೆದರೆ ಸಾಕು. ಸರಾಸರಿ ತೆಗೆಯಬೇಡಿ, ಅದು ದಾರಿ ತಪ್ಪಿಸುತ್ತದೆ. ನಿಮಗೆ ಬೇಕಿರುವುದು "ಸಾಮಾನ್ಯ ದಿನಗಳಲ್ಲಿ ಅತಿ ದೊಡ್ಡ ದಿನ". ವರ್ಷಕ್ಕೆರಡು ಸಲ ಬರುವ ದೂರಪ್ರಯಾಣ ಈ ಲೆಕ್ಕಕ್ಕೆ ಬೇಡ.

ಜೊತೆಗೆ ವರ್ಷದ ಪೆಟ್ರೋಲ್ ಲೆಕ್ಕ ಹಾಕಿ. 100 ಕಿ.ಮೀ.ಗೆ 7 ಲೀಟರ್ ಕುಡಿಯುವ ಕಾರು ವರ್ಷಕ್ಕೆ 15,000 ಕಿ.ಮೀ. ಓಡಿದರೆ 1,050 ಲೀಟರ್ ಆಯಿತು. ಒಂದು ಬ್ಯಾರಲ್ ಎಂದರೆ 159 ಲೀಟರ್, ಅಂದರೆ ಆರೂವರೆ ಬ್ಯಾರಲ್‌ಗಿಂತ ಹೆಚ್ಚು. ಅಷ್ಟೇ ದೂರಕ್ಕೆ 100 ಕಿ.ಮೀ.ಗೆ 16 ಯೂನಿಟ್ ಬಳಸುವ ಎಲೆಕ್ಟ್ರಿಕ್ ಕಾರಿಗೆ 2,400 ಯೂನಿಟ್ ಬೇಕು. ಚಾರ್ಜ್ ಮಾಡುವಾಗ ಶೇ. 10ರಿಂದ 15ರಷ್ಟು ಬಿಸಿಯಾಗಿ ಸೋರಿಹೋಗುವುದರಿಂದ ಮೀಟರಿನಲ್ಲಿ ಓಡುವುದು ಸುಮಾರು 2,700. ಹಲವರು ಕಾರಿನ ಪರದೆ ತೋರಿಸುವ ಅಂಕಿಯನ್ನೇ ಬಿಲ್ಲಿನ ಅಂಕಿ ಅಂದುಕೊಂಡು ಮೊದಲ ತಿಂಗಳು ಗಾಬರಿಯಾಗುತ್ತಾರೆ. ಆ ವ್ಯತ್ಯಾಸ ಈ ಸೋರಿಕೆಯದು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. 7 ಲೀಟರ್ ಎಂದರೆ 63 ಯೂನಿಟ್. ಅದೇ 100 ಕಿ.ಮೀ.ಗೆ ಪ್ಲಗ್ಗಿನಿಂದ ಬೇಕಾದದ್ದು 18. ಪೆಟ್ರೋಲ್ ಎಂಜಿನ್ನಿನಲ್ಲಿ ಚಕ್ರಕ್ಕೆ ತಲುಪುವುದು ನಾಲ್ಕನೇ ಒಂದು ಪಾಲಿನಷ್ಟು, ಉಳಿದದ್ದು ರೇಡಿಯೇಟರ್ ಮತ್ತು ಹೊಗೆಕೊಳವೆಯಿಂದ ಬಿಸಿಯಾಗಿ ಹೊರಗೆ.

ಹಂತ 2: ನಿಲ್ಲುವ ಜಾಗಕ್ಕೆ ಎಷ್ಟು ಕರೆಂಟು ಬರುತ್ತದೆ ನೋಡಿ

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಸಾವಿರ ವ್ಯಾಟ್ ಸೇರಿದರೆ ಒಂದು ಕಿಲೋವ್ಯಾಟ್. ಹತ್ತು ಗಂಟೆ ಕಾರು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಸೋರಿಕೆ ಕಳೆದು ಬ್ಯಾಟರಿಗೆ ಸೇರುವುದು ಸುಮಾರು ಇಷ್ಟು:

• 120 ವೋಲ್ಟ್ ಇರುವ ದೇಶಗಳಲ್ಲಿ ಮಾಮೂಲಿ ಸಾಕೆಟ್, 12 ಆಂಪಿಯರ್: 12 ಯೂನಿಟ್, 75 ಕಿ.ಮೀ.
• 230 ವೋಲ್ಟ್, 10 ಆಂಪಿಯರ್: 20 ಯೂನಿಟ್, 125 ಕಿ.ಮೀ.
• 230 ವೋಲ್ಟ್, 32 ಆಂಪಿಯರ್, ಸಿಂಗಲ್ ಫೇಸ್ ಅಂದರೆ ಕರೆಂಟು ಒಂದೇ ಲೈನಿನಲ್ಲಿ (7.4 ಕಿಲೋವ್ಯಾಟ್): 65 ಯೂನಿಟ್, 400 ಕಿ.ಮೀ.
• ತ್ರೀ ಫೇಸ್ ಅಂದರೆ ಮೂರು ಲೈನಿನಲ್ಲಿ, ಒಂದೊಂದರಲ್ಲೂ 16 ಆಂಪಿಯರ್ (11 ಕಿಲೋವ್ಯಾಟ್): ಬಹುಪಾಲು ಕಾರುಗಳು ಖಾಲಿಯಿಂದ ಪೂರ್ತಿ.

ನಿಮ್ಮ ದೊಡ್ಡ ದಿನ 80 ಕಿ.ಮೀ. ಆಗಿದ್ದರೆ 10 ಆಂಪಿಯರ್ ಧಾರಾಳ. ದೊಡ್ಡ ಚಾರ್ಜರಿಗೆ ಹಣ ಸುರಿಯುವ ಮೊದಲು ಈ ಪಟ್ಟಿಯನ್ನೂ ನಿಮ್ಮ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇಲ್ಲಿ ಎಡವುವವರು ಬಹಳ. ಗೋಡೆಗೆ ಹಾಕುವ ಪೆಟ್ಟಿಗೆ ನಿಜವಾದ ಚಾರ್ಜರ್ ಅಲ್ಲ, ಅದು ಕಾರಿನ ಜೊತೆ ಮಾತಾಡಿ ಕರೆಂಟು ಬಿಡುವ ಸ್ವಿಚ್ಚು. ಮನೆಗೆ ಬರುವ, ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುವ ಯಂತ್ರ ಕಾರಿನೊಳಗಿದೆ. ಅದನ್ನು ಆನ್‌ಬೋರ್ಡ್ ಚಾರ್ಜರ್ ಎನ್ನುತ್ತಾರೆ. ಅದು 7.4 ಕಿಲೋವ್ಯಾಟಿನದಾದರೆ, ಗೋಡೆಗೆ 22 ಕಿಲೋವ್ಯಾಟಿನ ಪೆಟ್ಟಿಗೆ ಹಾಕಿದರೂ ಒಳಗೆ ಹೋಗುವುದು 7.4 ಮಾತ್ರ. "11 ಕಿಲೋವ್ಯಾಟ್" ಎಂದು ಬರೆದ ಕೆಲವು ಕಾರುಗಳು ಸಿಂಗಲ್ ಫೇಸ್‌ನಲ್ಲಿ 3.7ಕ್ಕೇ ನಿಂತುಬಿಡುತ್ತವೆ. ಹಾಗಾಗಿ ಕೊಳ್ಳುವ ಮುನ್ನ "ಸಿಂಗಲ್ ಫೇಸ್‌ನಲ್ಲಿ ಎಷ್ಟು?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಪಾರ್ಟ್‌ಮೆಂಟಿನವರು ಮೊದಲು ಲಿಖಿತ ಒಪ್ಪಿಗೆ, ಆಮೇಲೆ ಸ್ವಂತ ಮೀಟರಿನಿಂದ ಲೈನು, ಈ ಕ್ರಮ ಬಿಡಬೇಡಿ. ಹತ್ತಾರು ಕಾರು ಬರುವ ಕಟ್ಟಡವಾದರೆ ಲೋಡ್ ಹಂಚುವ ವ್ಯವಸ್ಥೆಯನ್ನು ಈಗಲೇ ಕೇಳಿ. ಇರುವ ಕರೆಂಟನ್ನು ನಿಂತಿರುವ ಕಾರುಗಳ ನಡುವೆ ತಾನೇ ಪಾಲು ಮಾಡುತ್ತದೆ, ಇಡೀ ಕಟ್ಟಡದ ಟ್ರಾನ್ಸ್‌ಫಾರ್ಮರ್ ಬದಲಿಸುವುದು ತಪ್ಪಬಹುದು.

ಮನೆಯಲ್ಲೂ ಕೆಲಸದ ಜಾಗದಲ್ಲೂ ಪ್ಲಗ್ಗಿಲ್ಲ, ದಿನದ ದಾರಿಯಲ್ಲಿ ನಂಬಿಕೆಯ ಫಾಸ್ಟ್ ಚಾರ್ಜರೂ ಇಲ್ಲ ಎಂದಾದರೆ ಈ ವರ್ಷ ಕೊಳ್ಳಬೇಡಿ. ಇದು ನಮ್ಮ ಖಚಿತ ಅಭಿಪ್ರಾಯ. ಮೊದಲು ಜಾಗ ಗಿಟ್ಟಿಸಿ.

ಹಂತ 3: ವೈರಿಂಗ್

ಅವಸರ ಮಾಡಿದರೆ ಕಾರಲ್ಲ, ಮನೆಯೇ ಹೊತ್ತಿಕೊಳ್ಳಬಹುದಾದ ಹಂತ ಇದು. ಪರವಾನಗಿ ಇರುವ ಎಲೆಕ್ಟ್ರೀಷಿಯನ್‌ನಿಂದಲೇ ಮಾಡಿಸಿ. ಆದರೂ ಏನು ಕೇಳಬೇಕೆಂದು ನಿಮಗೆ ಗೊತ್ತಿರಬೇಕು.

*ಮಂಜೂರಾದ ಲೋಡ್.* ವಿದ್ಯುತ್ ಕಂಪನಿ ನಿಮ್ಮ ಸಂಪರ್ಕಕ್ಕೆ ಒಪ್ಪಿಕೊಂಡ ಗರಿಷ್ಠ ಕಿಲೋವ್ಯಾಟ್ ಇದು, ಬಿಲ್ಲಿನಲ್ಲಿ ಇರುತ್ತದೆ. 5 ಕಿಲೋವ್ಯಾಟಿನ ಮನೆಗೆ 7.4ರ ಚಾರ್ಜರ್ ಹಾಕಿದರೆ ಮುಖ್ಯ ಬ್ರೇಕರ್ ಬೀಳುತ್ತಲೇ ಇರುತ್ತದೆ. ಲೋಡ್ ಹೆಚ್ಚಿಸಿ, ಇಲ್ಲವೇ ಚಾರ್ಜರಿನ ಆಂಪಿಯರ್ ಇಳಿಸಿ.

*ಬೇರೆಯೇ ಲೈನು.* ನೀರು ಕಾಯಿಸುವ ಹೀಟರ್ ಹತ್ತು ನಿಮಿಷ ಉರಿದು ನಿಲ್ಲುತ್ತದೆ. ಕಾರು ಆರೆಂಟು ಗಂಟೆ ಬಿಡದೆ ಎಳೆಯುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ನೇರ, ನಡುವೆ ಬೇರಾವ ಸಾಕೆಟ್ಟೂ ಇಲ್ಲದ ಲೈನು ಬೇಕು. 32 ಆಂಪಿಯರ್ ಚಾರ್ಜರಿಗೆ 40 ಆಂಪಿಯರ್ ಎಂಸಿಬಿ. ಎಂಸಿಬಿ ಎಂದರೆ ಮಿತಿ ಮೀರಿದರೆ ತಾನೇ ಬೀಳುವ ಬ್ರೇಕರ್. ಮಾಮೂಲಿ ಸಾಕೆಟ್ಟಿನಿಂದಲೇ ಚಾರ್ಜ್ ಮಾಡುವುದಾದರೆ ಅದರ ಮೇಲೆ ಬರೆದಿರುವ ಆಂಪಿಯರಿನ ಶೇ. 80 ದಾಟಬೇಡಿ.

*ತಂತಿಯ ದಪ್ಪ.* ಬೋರ್ಡಿನಿಂದ ಕಾರಿಗೆ 30 ಮೀಟರ್ ಎಂದಿಟ್ಟುಕೊಂಡು 32 ಆಂಪಿಯರಿಗೆ ಲೆಕ್ಕ ಹಾಕಿದರೆ, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 14 ವೋಲ್ಟ್ ಕುಸಿದು, 450 ವ್ಯಾಟ್ ಬಿಸಿ ಗೋಡೆಯೊಳಗೆ ಹುಟ್ಟುತ್ತದೆ. ಅದು ನೇರವಾಗಿ ಅಪಾಯ. 6 ಚದರ ಮಿ.ಮೀ. ಆದರೆ 6 ವೋಲ್ಟ್, 190 ವ್ಯಾಟ್. 10 ಆದರೆ ಮೂರೂವರೆ ವೋಲ್ಟ್, ಸುಮಾರು 110 ವ್ಯಾಟ್. ಹತ್ತಿರಕ್ಕೆ 6 ಸಾಕು, 30 ಮೀಟರ್ ದಾಟಿದರೆ 10 ಹಾಕಿಸಿ. ತಂತಿಯಲ್ಲಿ ಉಳಿಸಿದ ಹಣ ರಾತ್ರಿ ರಾತ್ರಿ ಬಿಸಿಯಾಗಿ ಸೋರಿಹೋಗುತ್ತದೆ.

*ಸಡಿಲ ತಿರುಪು.* ಬೆಂಕಿ ಹೆಚ್ಚಾಗಿ ಹುಟ್ಟುವುದು ತಂತಿಯಲ್ಲಲ್ಲ, ತಂತಿ ಸೇರುವ ಜಾಗದಲ್ಲಿ. ಒಂದು ಸಡಿಲ ಜೋಡಣೆಯಲ್ಲಿ ಬರೀ 0.05 ಓಮ್ ಪ್ರತಿರೋಧವಿದ್ದರೂ 32 ಆಂಪಿಯರಿನಲ್ಲಿ 50 ವ್ಯಾಟ್ ಆ ಒಂದು ಬಿಂದುವಿನಲ್ಲಿ ಉರಿಯುತ್ತದೆ. ಬೆಸುಗೆ ಹಾಕುವ ಕಡ್ಡಿಯ ಬಿಸಿ ಅಷ್ಟೇ. ಮೊದಲ ದಿನ ಒಂದು ಗಂಟೆ ಚಾರ್ಜ್ ಆದಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ. ಒಂದು ತಿಂಗಳಾದ ಮೇಲೆ ಎಲ್ಲ ತಿರುಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಬಿಸಿ ತಂಪು ಆಗುತ್ತಾ ಅವು ಸಡಿಲವಾಗುತ್ತವೆ.

*ಸೋರಿಕೆ ತಡೆಯುವ ಬ್ರೇಕರ್.* ಇದನ್ನು ಆರ್‌ಸಿಸಿಬಿ ಎನ್ನುತ್ತಾರೆ. ಕರೆಂಟು ಭೂಮಿಗೆ ಸೋರಿದರೆ ಕಡಿತ ಮಾಡಿ ಜೀವ ಉಳಿಸುವ ಸಾಧನ. ಹಳೆ ಮನೆಗಳಲ್ಲಿರುವ ಟೈಪ್ ಎಸಿ ಇಲ್ಲಿ ಸಾಲದು. ಕಾರಿನಿಂದ ಡಿಸಿ ಸೋರಿದರೆ ಅದರ ಒಳಗಿನ ಕಬ್ಬಿಣದ ತಿರುಳು ಮರಗಟ್ಟಿಹೋಗುತ್ತದೆ, ಆಮೇಲೆ ನಿಜವಾದ ಶಾಕ್ ಹೊಡೆದಾಗಲೂ ಅದು ಬೀಳುವುದಿಲ್ಲ. ಟೈಪ್ ಬಿ ಹಾಕಿಸಿ, ಅಥವಾ ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ಇದ್ದರೆ ಟೈಪ್ ಎ ಸಾಕು.

*ಅರ್ಥಿಂಗ್.* ಭೂಸಂಪರ್ಕ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿರಾಕರಿಸುತ್ತದೆ. ಆಗ ಕೆಲವರು ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಸೇರಿಸಿ ಚಾರ್ಜರಿಗೆ ಮೋಸ ಮಾಡುತ್ತಾರೆ. ಎಂದಿಗೂ ಹೀಗೆ ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ನ್ಯೂಟ್ರಲ್ ಎಲ್ಲೋ ತುಂಡಾದ ದಿನ ಕಾರಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ, ಬಾಗಿಲು ಮುಟ್ಟಿದವರು ಉಳಿಯುವುದಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡು, ಸುರುಳಿ ಸುತ್ತಿಟ್ಟ ಕೇಬಲ್, ಬಹುಪಿನ್ ಅಡಾಪ್ಟರು ಇವು ಮೂರೂ ಬೇಡ.

ಹಂತ 4: ಬ್ಯಾಟರಿ ನೋಡಿ ಕಾರು ಆರಿಸಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ತಿರುಗುಮುರುಗು. ಕಾಲು ಎಷ್ಟು ಉದ್ದವೋ ಅಷ್ಟೇ ಹಾಸಿಗೆ ಕೊಳ್ಳಬೇಕು. ದೊಡ್ಡ ದಿನ 120 ಕಿ.ಮೀ. ಎಂದರೆ 19 ಯೂನಿಟ್. ಚಳಿ, ಕಾರಿನೊಳಗಿನ ತಂಪು ಎಸಿ, ಏರುದಾರಿ ಎಲ್ಲಕ್ಕೂ ಶೇ. 30 ಸೇರಿಸಿದರೆ 25. ದಿನನಿತ್ಯ ಬ್ಯಾಟರಿಯ ಶೇ. 65ರಷ್ಟನ್ನೇ ಬಳಸುತ್ತೀರಿ ಎಂದುಕೊಂಡರೂ 38 ಯೂನಿಟ್ ಸಾಕು. 40 ಯೂನಿಟ್ ಬ್ಯಾಟರಿ ಮುಂದೊಂದು ದಿನ ಸವೆದು ಶೇ. 80ಕ್ಕೆ ಇಳಿದರೂ 32 ಉಳಿಯುತ್ತದೆ, ನಿಮ್ಮ ಕೆಲಸ ನಡೆಯುತ್ತದೆ. ಇದರ ಎರಡರಷ್ಟು ಬ್ಯಾಟರಿ ಕೊಂಡರೆ ಬೆಲೆಯೂ ತೂಕವೂ ಟೈರಿನ ಸವೆತವೂ ಏರುತ್ತವೆ. ಜಾಹೀರಾತಿನ ರೇಂಜ್, ಅಂದರೆ ಒಮ್ಮೆ ತುಂಬಿದರೆ ಓಡುವ ದೂರ, ಪ್ರಯೋಗಾಲಯದ್ದು, ಅದರಿಂದ ಶೇ. 20ರಿಂದ 30 ಕಳೆದು ನೋಡಿ.

ಇಂದಿನ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಲಿಥಿಯಂ ಬ್ಯಾಟರಿ. ಎಲ್‌ಎಫ್‌ಪಿ ಎಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ನಿಕಲ್, ಕೋಬಾಲ್ಟ್ ಬೇಡ, ಬಿಸಿಗೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೆಚ್ಚು ಸಲ ಚಾರ್ಜ್ ತಡೆದುಕೊಳ್ಳುತ್ತದೆ. ತೂಕ ಹೆಚ್ಚು, ಮರಗಟ್ಟುವ ಚಳಿಯಲ್ಲಿ ಚಾರ್ಜ್ ನಿಧಾನ. ಎನ್‌ಎಂಸಿ ಎಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಅದೇ ತೂಕಕ್ಕೆ ಹೆಚ್ಚು ದೂರ, ಆದರೆ ಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಬೇಗ ಸವೆಯುತ್ತದೆ. ದಿನದ ಓಡಾಟಕ್ಕೆ, ಅದರಲ್ಲೂ ಬಿಸಿ ಪ್ರದೇಶಕ್ಕೆ, ನಮ್ಮ ಮತ ಎಲ್‌ಎಫ್‌ಪಿಗೆ. ಈ ಬ್ಯಾಟರಿಗಳ ವಂಶವೇ ತೈಲ ಸಂಕಟದ ಕೂಸು ಎಂಬುದನ್ನು ನೆನೆಯಬೇಕು. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮರುಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯ ಮೊದಲ ರೂಪ ಕಟ್ಟಿದ್ದು ಎಕ್ಸಾನ್ ಎಂಬ ತೈಲ ಕಂಪನಿಯ ಪ್ರಯೋಗಾಲಯದಲ್ಲಿ. 2019ರಲ್ಲಿ ಅವರಿಗೆ ಜಾನ್ ಗುಡ್‌ಎನಫ್ ಮತ್ತು ಅಕಿರಾ ಯೋಶಿನೊ ಜೊತೆ ನೊಬೆಲ್ ಬಂತು.

ಶೋರೂಮಿನಲ್ಲಿ ಕೇಳಲೇಬೇಕಾದವು: ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇದೆಯೇ, ಚಳಿ ಪ್ರದೇಶವಾದರೆ ಕಡಿಮೆ ಕರೆಂಟಿನಲ್ಲಿ ಕಾರನ್ನು ಬೆಚ್ಚಗಿಡುವ ಹೀಟ್ ಪಂಪ್ ಇದೆಯೇ, ವಾರಂಟಿ 8 ವರ್ಷ 1,60,000 ಕಿ.ಮೀ.ಗೆ ಶೇ. 70 ಸಾಮರ್ಥ್ಯದ ಮಾತು ಬರಹದಲ್ಲಿದೆಯೇ. ಚಳಿ ಎಂದು ಹೆದರುವವರು ನಾರ್ವೆ ನೋಡಿ, 2024ರಲ್ಲಿ ಅಲ್ಲಿ ಮಾರಾಟವಾದ ಪ್ರತಿ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ಪೂರ್ಣ ಎಲೆಕ್ಟ್ರಿಕ್. ಫಾಸ್ಟ್ ಚಾರ್ಜಿಂಗ್ ಪ್ಲಗ್ಗಿನ ಬಗೆಯೂ ನಿಮ್ಮ ದೇಶದ್ದೇ ಇರಬೇಕು: ಸಿಸಿಎಸ್2, ಎನ್‌ಎಸಿಎಸ್, ಜಿಬಿ/ಟಿ, ಚಾಡೆಮೊ ಎಂದು ನಾಲ್ಕಾರು ಬಗೆ ಇವೆ. ಹೊರದೇಶದಿಂದ ತರಿಸಿದ ಹಳೆ ಕಾರು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಪ್ಲಗ್ಗೇ ಕೂರದೆ ಪೇಚಾಡುವವರಿದ್ದಾರೆ.

ಸೆಕೆಂಡ್ ಹ್ಯಾಂಡ್ ಆದರೆ ಓಡೋಮೀಟರ್‌ಗಿಂತ ಬ್ಯಾಟರಿಯ ಆರೋಗ್ಯದ ಶೇಕಡಾವಾರು ಮುಖ್ಯ. ಕಾರಿನ ಡಯಾಗ್ನೋಸ್ಟಿಕ್ ಪೋರ್ಟಿಗೆ ಸಣ್ಣ ರೀಡರ್ ಚುಚ್ಚಿ ಓದಿಸಿ. ಬ್ಯಾಟರಿಯೊಳಗಿನ ಪುಟ್ಟ ಘಟಕಗಳಾದ ಸೆಲ್‌ಗಳ ನಡುವೆ ವೋಲ್ಟೇಜ್ ವ್ಯತ್ಯಾಸ 20–30 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. ಎಲ್‌ಎಫ್‌ಪಿಯಲ್ಲಿ ನಡುಮಟ್ಟದ ಚಾರ್ಜಿನಲ್ಲಿ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಪೂರ್ತಿ ತುಂಬಿದಾಗ ಅಥವಾ ಬಹುತೇಕ ಖಾಲಿಯಾದಾಗ ನೋಡಬೇಕು.

ಹಂತ 5: ಮೊದಲ ತಿಂಗಳ ರೂಢಿ

ಎನ್‌ಎಂಸಿ ಆದರೆ ದಿನಕ್ಕೆ ಶೇ. 80ಕ್ಕೆ ಮಿತಿ ಹಾಕಿ, ದೂರಪ್ರಯಾಣದ ಹಿಂದಿನ ರಾತ್ರಿ ಮಾತ್ರ 100. ಎಲ್‌ಎಫ್‌ಪಿ ಆದರೆ ವಾರಕ್ಕೊಮ್ಮೆ 100 ಮಾಡಿ. ಅದರ ವೋಲ್ಟೇಜ್ ಬಹುತೇಕ ಖಾಲಿಯಿಂದ ಬಹುತೇಕ ತುಂಬುವತನಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಪೂರ್ತಿ ತುಂಬದೆ ಕಾರಿಗೆ ಲೆಕ್ಕ ಸಿಗುವುದಿಲ್ಲ. "ಶೇ. 15 ಇದ್ದದ್ದು ಇದ್ದಕ್ಕಿದ್ದಂತೆ 3 ಆಯಿತು" ಎಂಬ ದೂರಿನ ಮೂಲ ಬಹುತೇಕ ಇದೇ.

ವೇಗ ಇಳಿಸುವಾಗ ಮೋಟಾರು ಜನರೇಟರಾಗಿ ತಿರುಗಿ ಬ್ಯಾಟರಿ ತುಂಬುತ್ತದೆ, ಇದಕ್ಕೆ ರೀಜೆನ್ ಎನ್ನುತ್ತಾರೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಹಾಕಲು ಜಾಗವಿಲ್ಲದ್ದರಿಂದ ರೀಜೆನ್ ದುರ್ಬಲವಾಗುತ್ತದೆ. ಬೆಟ್ಟದ ಮೇಲೆ ಮನೆ ಇರುವವರು ಶೇ. 90ಕ್ಕೇ ನಿಲ್ಲಿಸಿ, ಇಲ್ಲವಾದರೆ ಬೆಳಗ್ಗೆ ಇಳಿಯುವಾಗ ಕಾಲು ತೆಗೆದರೂ ಕಾರು ನಿನ್ನೆಯಂತೆ ನಿಧಾನವಾಗುವುದಿಲ್ಲ.

ಹಂತ 6: ದೂರಪ್ರಯಾಣ

ಫಾಸ್ಟ್ ಚಾರ್ಜರಿನಲ್ಲಿ 10ರಿಂದ 80ರವರೆಗೆ ಮಾತ್ರ ಕೂರಿ. 80ರ ಮೇಲೆ ಸೆಲ್‌ಗಳನ್ನು ಕಾಪಾಡಲು ಕಾರು ತಾನೇ ಕರೆಂಟು ತಗ್ಗಿಸುತ್ತದೆ. ಕೊನೆಯ 20ಕ್ಕೆ, ಮೊದಲ 70ಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುವುದೂ ಉಂಟು. ಶೇ. 15–20 ಉಳಿದಿರುವಾಗಲೇ ಚಾರ್ಜರ್ ತಲುಪುವಂತೆ ಯೋಜಿಸಿ, ಆ ಉಳಿಕೆಯಲ್ಲಿ ಮುಂದಿನ ಚಾರ್ಜರಿಗೆ ಹೋಗಲು ಆಗುತ್ತದೆಯೇ ನೋಡಿಟ್ಟುಕೊಳ್ಳಿ. ಕೆಟ್ಟು ನಿಂತ ಚಾರ್ಜರ್ ಎಲ್ಲೆಡೆ ಸಿಗುತ್ತದೆ. ರೇಂಜ್ ಸಾಲದು ಅನ್ನಿಸಿದರೆ ಎಸಿ ಆರಿಸಬೇಡಿ, ವೇಗ ಇಳಿಸಿ. ಗಂಟೆಗೆ 80ರಿಂದ 110ಕ್ಕೆ ಏರಿದರೆ ಗಾಳಿಯ ಎಳೆತ ಸುಮಾರು 1.9 ಪಟ್ಟಾಗುತ್ತದೆ.

ಹಂತ 7: ಸರ್ವಿಸ್

ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್, ಸೈಲೆನ್ಸರ್ ಇಲ್ಲ. ಉಳಿಯುವವು ಇವು: ಬ್ರೇಕ್ ಆಯಿಲ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬ್ಯಾಟರಿಯ ಕೂಲಂಟ್, ಅಂದರೆ ತಂಪು ಮಾಡುವ ದ್ರವ, ಕೈಪಿಡಿ ಹೇಳಿದಾಗ. ಕರೆಂಟು ಹರಿಯದ ವಿಶೇಷ ಕೂಲಂಟ್ ಕೆಲವು ಕಾರುಗಳಿಗೆ ಬೇಕು, ಅದರಲ್ಲಿ ನಲ್ಲಿ ನೀರು ಬೆರೆಸಬಾರದು. ಟೈರುಗಳನ್ನು 10,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿಸಿ, ಹೊಸದು ಹಾಕಿಸುವಾಗ ಭಾರ ಹೊರುವ ಅಂಕಿ ಕಡಿಮೆಯಾಗದಿರಲಿ. ರೀಜೆನ್ ಇರುವುದರಿಂದ ಬ್ರೇಕ್ ಡಿಸ್ಕ್ ಬಳಕೆಯಾಗದೆ ತುಕ್ಕು ಹಿಡಿಯುತ್ತದೆ. ಬ್ಯಾಟರಿ ತುಂಬಿರುವಾಗ ಖಾಲಿ ರಸ್ತೆಯಲ್ಲಿ ಎರಡು ಮೂರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲೂ ಹಳೆಯ 12 ವೋಲ್ಟ್ ಬ್ಯಾಟರಿ ಇದೆ. ದೊಡ್ಡ ಬ್ಯಾಟರಿಯ ಸ್ವಿಚ್ಚನ್ನು ಆನ್ ಮಾಡುವುದು ಇದೇ ಪುಟ್ಟದು. ಇದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಅಲುಗುವುದಿಲ್ಲ. ನಾಲ್ಕು ವರ್ಷವಾದ ಮೇಲೆ ಪ್ರತಿ ಸರ್ವಿಸ್‌ನಲ್ಲೂ ಪರೀಕ್ಷಿಸಿ. ಕಾರು ಕೆಟ್ಟು ನಿಂತರೆ ಚಪ್ಪಟೆ ಲಾರಿಯ ಮೇಲೆಯೇ ಸಾಗಿಸಿ. ಚಕ್ರ ತಿರುಗಿಸಿಕೊಂಡು ಎಳೆದರೆ ಮೋಟಾರು ಕರೆಂಟು ಹುಟ್ಟಿಸಿ ಹಾಳಾಗಬಹುದು. ಕಿತ್ತಳೆ ಬಣ್ಣದ ಕೇಬಲ್ಲು ಕಂಡರೆ ಅಲ್ಲಿಗೆ ಕೈ ಹಾಕಬೇಡಿ, ಅದರಲ್ಲಿರುವುದು 400 ವೋಲ್ಟ್, ಕೆಲವು ಕಾರುಗಳಲ್ಲಿ 800.

ಹಂತ 8: ತೈಲ ನಿಜಕ್ಕೂ ಇಳಿಯಿತೇ, ಅಳೆಯಿರಿ

ಎರಡು ಕಾರಿರುವ ಮನೆಯಲ್ಲಿ ಬಹಳ ಸಲ ಹೊಸ ಎಲೆಕ್ಟ್ರಿಕ್ ಕಾರು ಸಂತೆಗೆ ಹೋಗಿಬರುತ್ತದೆ, ಹಳೆ ಪೆಟ್ರೋಲ್ ಕಾರು ದಿನಾ 60 ಕಿ.ಮೀ. ಓಡುತ್ತದೆ. ಹೀಗಾದರೆ ಕಾರು ಬದಲಾಯಿತು, ತೈಲ ಬದಲಾಗಲಿಲ್ಲ. ಹೆಚ್ಚು ಓಡುವವರ ಕೈಗೆ ಎಲೆಕ್ಟ್ರಿಕ್ ಕಾರಿನ ಕೀಲಿ ಕೊಡಿ. ಪ್ಲಗ್ ಇನ್ ಹೈಬ್ರಿಡ್, ಅಂದರೆ ಎಂಜಿನ್ನೂ ಪ್ಲಗ್ಗೂ ಎರಡೂ ಇರುವ ಕಾರು, ದಿನಾ ಚಾರ್ಜ್ ಮಾಡುವವರಿಗೆ ಮಾತ್ರ. ಚಾರ್ಜ್ ಮಾಡದೆ ಓಡಿಸಿದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರೇ ಅದು.

ಚಾವಣಿಯಿದ್ದರೆ ಸೋಲಾರ್ ಲೆಕ್ಕವೂ ಕಷ್ಟವಲ್ಲ. ಒಳ್ಳೆ ಬಿಸಿಲಿರುವ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ 1,200ರಿಂದ 1,600 ಯೂನಿಟ್ ಕೊಡುತ್ತದೆ. ಮೊದಲ ಹಂತದ 2,700 ಯೂನಿಟ್ಟಿಗೆ 2 ಕಿಲೋವ್ಯಾಟಿನ ಆಸುಪಾಸು ಸಾಕು. ಕಾರು ಹಗಲು ಮನೆಯಲ್ಲಿರದಿದ್ದರೆ ರಾತ್ರಿ ತುಂಬುವುದು ಗ್ರಿಡ್ಡಿನಿಂದ ಎಂಬುದನ್ನು ಮರೆಯಬೇಡಿ.

ಹಳೆ ಕಾರನ್ನು "ಇರಲಿ, ಬೇಕಾದೀತು" ಎಂದು ಇಟ್ಟುಕೊಳ್ಳುವುದಾದರೆ ಅರ್ಧ ವರ್ಷ ಗಡುವು ಹಾಕಿ, ಓಡೋಮೀಟರ್ ಅಂಕಿ ಗೋಡೆಯ ಮೇಲೆ ಬರೆಯಿರಿ. ನಿಂತ ಟ್ಯಾಂಕಿನ ಪೆಟ್ರೋಲ್ ಮೂರರಿಂದ ಆರು ತಿಂಗಳಲ್ಲಿ ಹಳಸಿ ಇಂಜೆಕ್ಟರಿಗೆ ಅಂಟು ಕಟ್ಟುತ್ತದೆ, ಆದ್ದರಿಂದ ಕಾಲು ಟ್ಯಾಂಕಿಗಿಂತ ಹೆಚ್ಚು ತುಂಬಿಸಬೇಡಿ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಆರು ತಿಂಗಳಾದ ಮೇಲೂ ಆ ಓಟಗಳನ್ನು ಬಿಟ್ಟು ಬೇರೇನೂ ಓಡಿರದಿದ್ದರೆ ಮಾರಿಬಿಡಿ. ಆ ಜಾಗಕ್ಕೆ ಎರಡನೇ ಪ್ಲಗ್ಗು ಎಳೆಸಿಕೊಳ್ಳಬಹುದು.